ಸೆಲ್ಫ್ ಬಿಚ್ಚುವ ಮೊದಲು: ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಎಲ್ಲಿಂದ ಹುಡುಕಬೇಕು

ಎರಡನೇ ಬೆಳೆಗೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ವಾರ ಕಾರಟಗಿ–ಸಿಂಧನೂರು ಸೀಮೆಯಲ್ಲಿ ಖಾಲಿ ನಿಂತ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವುದಿಲ್ಲ. ಅದೇ ವಾರ ನಮ್ಮ ಗಾಡಿ ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು ಮಾಡಿ ಸುಮ್ಮನಾಯಿತು. ತೊಂಬತ್ತರ ದಶಕದ, ಮೂರು ಸಿಲಿಂಡರಿನ 35 ಎಚ್‌ಪಿ ಗಾಡಿ. ಕೇಜ್ ವೀಲ್ (ಕೆಸರು ಗದ್ದೆಯ ಕಬ್ಬಿಣದ ಗಾಲಿ) ಏರಿಸಿ ಗದ್ದೆಗೆ ಇಳಿಸಬೇಕು, ಮಡಿಯಲ್ಲಿ ಸಸಿ ಬಲಿಯುತ್ತಿದೆ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸೆಲ್ಫ್, ಅಂದರೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್ ಬಿಚ್ಚಿ, ಬೈಕಿನ ಮೇಲಿಟ್ಟುಕೊಂಡು ಪೇಟೆಗೆ ಒಯ್ದೆ. ಬ್ರಷ್ ಹಾಕಿಸಿ, ಬುಷ್ ಹಾಕಿಸಿ, ತಂದು ಕೂರಿಸಿದರೆ ಮತ್ತೆ ಅದೇ ‘ಟಕ್’. ಉದ್ರಿ ಹೇಳಿ ಹೊಸ ಬ್ಯಾಟರಿ ತಂದೆ. ‘ಟಕ್’.

ಮೂರನೇ ದಿನ ಬಂದ ವಯಸ್ಸಾದ ಎಲೆಕ್ಟ್ರಿಷಿಯನ್ ಚಾಚಾ ಪಾನಾ ಕೂಡ ಹಿಡಿಯಲಿಲ್ಲ. ಮೀಟರಿನ ಒಂದು ವೈರನ್ನು ಬ್ಯಾಟರಿಯ ಮೈನಸ್ ಗುಬ್ಬಿಗೆ (ಟರ್ಮಿನಲ್ಲಿಗೆ), ಇನ್ನೊಂದನ್ನು ಸೆಲ್ಫಿನ ಮೈಗೆ ಹಚ್ಚಿ “ಹೊಡೀರಿ” ಅಂದರು. ನಾನು ಕೀ ತಿರುಗಿಸಿದೆ. ಮೀಟರ್ ನೋಡಿ, ಬ್ಯಾಟರಿ ಮೈನಸ್‌ನಿಂದ ಬಂದು ಚಾಸಿಗೆ ಬಿಗಿದ ಅರ್ಥ್ ಪಟ್ಟಿಯ ಬುಡವನ್ನು ಉಗುರಿನಿಂದ ಕೆರೆದು ನಕ್ಕರು.

“ಬಣ್ಣದಾಗ ಕರೆಂಟ್ ಹರಿತೈತೇನ್ರಿ ಗೌಡ್ರ?”

ಮಹಾನವಮಿಗೆ ಪೂಜೆ ಮಾಡಬೇಕೆಂದು ಗಾಡಿಗೆ ಬಣ್ಣ ಹೊಡೆಸಿದ್ದೆವು. ಬಣ್ಣ ಹೊಡೆದ ಹುಡುಗ ಅರ್ಥ್ ಪಟ್ಟಿ ಬಿಚ್ಚಿ, ಎಲ್ಲಾ ಕಡೆ ಚೆಂದಗೆ ಬಳಿದು, ಆ ಬಣ್ಣದ ಮೇಲೆಯೇ ಪಟ್ಟಿ ಕೂರಿಸಿ ಬೋಲ್ಟ್ ಬಿಗಿದಿದ್ದ. ಬೋಲ್ಟಿನ ಎಳೆಗಳ ಮೂಲಕ ಸಿಗುತ್ತಿದ್ದ ಅಷ್ಟಿಷ್ಟು ದಾರಿಯಲ್ಲಿ ಒಂದೆರಡು ತಿಂಗಳು ಕೆಲಸ ನಡೆಯಿತು. ಎಳೆಗಳಿಗೆ ತುಕ್ಕು ಹಿಡಿದ ಮೇಲೆ ಅದೂ ಮುಚ್ಚಿತು. ಉಕ್ಕಿನ ಬ್ರಷ್ಷಿನಿಂದ ಹತ್ತು ನಿಮಿಷ ಉಜ್ಜಿದ್ದಕ್ಕೆ ಗಾಡಿ ಮೊದಲ ಹೊಡೆತಕ್ಕೇ ಎದ್ದಿತು.

ಅಂದಿನಿಂದ ಸುತ್ತಲಿನ ಕ್ಯಾಂಪುಗಳವರು (ಕಾಲುವೆ ಸೀಮೆಯ ಸಣ್ಣ ಊರುಗಳವರು) ಕರೆದಾಗ ಹೋಗಿ ಹತ್ತಾರು ಗಾಡಿಗಳನ್ನು ನೋಡಿದ್ದೇನೆ. ಸೆಲ್ಫೇ ಕೆಟ್ಟಿದ್ದ ಗಾಡಿಗಳು ಕಡಿಮೆ. ಹೆಚ್ಚಿನ ಸಲ ತಪ್ಪು ಬ್ಯಾಟರಿಯಿಂದ ಸೆಲ್ಫಿನವರೆಗಿನ ದಾರಿಯಲ್ಲಿ ಇರುತ್ತದೆ. ಆ ದಾರಿಯನ್ನು ಮೀಟರಿನಿಂದ ಅಳೆಯುವುದು ಹೇಗೆಂಬುದೇ ಈ ಬರಹದ ಬಹುಭಾಗ. ಡೀಸೆಲ್ ಪಂಪಿನಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲದ ಹಳೇ ಡೀಸೆಲ್ ಗಾಡಿಗಳ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ಸ್ಕ್ರೂ ಡ್ರೈವರ್ ಕೆಳಗಿಡಿ

ನಮ್ಮ ಕಡೆ ಕೀ ಕೆಲಸ ಮಾಡದಿದ್ದರೆ ದೊಡ್ಡ ಗಾಲಿಯ ಮುಂದೆ ನೆಲದ ಮೇಲೆ ನಿಂತು, ಸೆಲ್ಫಿನ ಎರಡು ಗುಬ್ಬಿಗಳ ನಡುವೆ ಸ್ಕ್ರೂ ಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡುವ ರೂಢಿ ಇದೆ. ಗಾಡಿ ಗೇರಿನಲ್ಲಿದ್ದರೆ ಎಂಜಿನ್ ಏಳುವುದು, ಗಾಡಿ ಚಲಿಸುವುದು ಒಂದೇ ಕ್ಷಣದಲ್ಲಿ ಆಗುತ್ತದೆ. ನಿಂತವನು ಹಿಂದಿನ ಗಾಲಿಯ ದಾರಿಯಲ್ಲೇ ಇರುತ್ತಾನೆ, ಪಕ್ಕಕ್ಕೆ ಹಾರಲು ಸಮಯ ಸಿಗುವುದಿಲ್ಲ. ಕ್ಲಚ್ಚಿನ ಹತ್ತಿರವೋ ಗೇರ್ ಲಿವರಿನ ಹತ್ತಿರವೋ ಕಂಪನಿಯವರು ಸೇಫ್ಟಿ ಸ್ವಿಚ್ ಕೊಟ್ಟಿರುವುದು ಇದೇ ಕಾರಣಕ್ಕೆ. ಸ್ಕ್ರೂ ಡ್ರೈವರ್ ಆ ಸ್ವಿಚ್ಚನ್ನು ದಾಟಿ ಹೋಗುತ್ತದೆ. “ನಾ ಇಪ್ಪತ್ತ ವರ್ಷದಿಂದ ಹಿಂಗ ಹೊಡಿತೀನಿ” ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಆದರೆ ನನ್ನೆದುರು ಹೊಡೆಯಲು ಬಿಡುವುದಿಲ್ಲ.

ಯಾವ ಪರೀಕ್ಷೆ ಮಾಡುವುದಿದ್ದರೂ ಮೊದಲು ಇಷ್ಟು ಆಗಲಿ. ಗಾಡಿ ಸಮ ನೆಲದ ಮೇಲಿರಲಿ. ಗೇರ್, ಹೈ–ಲೋ ಎರಡೂ ಲಿವರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ದೊಡ್ಡ ಗಾಲಿಗೆ ಮುಂದೂ ಹಿಂದೂ ಕಲ್ಲು ಕೊಡಿ. ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದು ಕಟ್ಟಿಡಿ. ಆಗ ಸೆಲ್ಫ್ ತಿರುಗಿದರೂ ಡೀಸೆಲ್ ಹೋಗುವುದಿಲ್ಲ, ಗಾಡಿ ಏಳುವುದಿಲ್ಲ. ಕೀ ತಿರುಗಿಸುವವನು ಸೀಟಿನ ಮೇಲೇ ಕೂತಿರಲಿ, ಮೀಟರ್ ಹಿಡಿಯುವವನು ಗಾಲಿಯ ಸಾಲಿನಿಂದ ಹೊರಗೆ ನಿಲ್ಲಲಿ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಪ್ಲಸ್‌ಗೂ ಚಾಸಿಗೂ ನಡುವೆ ಬೆಳ್ಳಿ ಕಡಗ ತಗುಲಿದರೆ ಬಿಚ್ಚುವಷ್ಟರಲ್ಲಿ ಕಾದು ಕೆಂಪಾಗಿರುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಹತ್ತಿರ ಬೀಡಿ ಬೇಡ.

ಎರಡು ದಾರಿ

ಸ್ಟಾರ್ಟ್ ಮಾಡುವ ಕರೆಂಟಿಗೆ ಎರಡು ದಾರಿಗಳಿವೆ. ದಪ್ಪ ದಾರಿ ಬ್ಯಾಟರಿ ಪ್ಲಸ್‌ನಿಂದ ದಪ್ಪ ಕೇಬಲ್ಲಿನಲ್ಲಿ ಸೊಲೆನಾಯ್ಡಿಗೆ (ಸೆಲ್ಫಿಗೆ ಕರೆಂಟ್ ಕೂಡಿಸುವ ಅಯಸ್ಕಾಂತದ ಸ್ವಿಚ್ಚಿಗೆ), ಅಲ್ಲಿಂದ ಸೆಲ್ಫಿಗೆ ಹೋಗಿ, ಸೆಲ್ಫಿನ ಮೈಯಿಂದ ಎಂಜಿನ್ ಮತ್ತು ಚಾಸಿಯ ಮೂಲಕ ಅರ್ಥ್ ಪಟ್ಟಿ ಹಿಡಿದು ಬ್ಯಾಟರಿ ಮೈನಸ್‌ಗೆ ಮರಳುತ್ತದೆ. ಇದರಲ್ಲಿ ನೂರಾರು ಆಂಪಿಯರ್ ಹರಿಯುತ್ತದೆ. ಸಣ್ಣ ದಾರಿ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರಿಗೆ, ಕೀ ಸ್ವಿಚ್ಚಿಗೆ, ಸೇಫ್ಟಿ ಸ್ವಿಚ್ಚಿಗೆ ಹೋಗಿ ಸೊಲೆನಾಯ್ಡಿನ ಚಿಕ್ಕ ಗುಬ್ಬಿಯಲ್ಲಿ ಮುಗಿಯುತ್ತದೆ. ಸಣ್ಣ ದಾರಿಯ ಕೆಲಸ ಸೊಲೆನಾಯ್ಡಿನ ಒಳಗಿನ ತಾಮ್ರದ ತಟ್ಟೆಯನ್ನು ಎಳೆದು ದಪ್ಪ ದಾರಿಯನ್ನು ಕೂಡಿಸುವುದು. ‘ಟಕ್’ ಎನ್ನುವುದು ಆ ಸದ್ದು. ಅದು ಕೇಳಿತೆಂದರೆ ಸಣ್ಣ ದಾರಿ ಬಹುತೇಕ ಸರಿಯಿದೆ, ಹುಡುಕಾಟ ದಪ್ಪ ದಾರಿಯಲ್ಲಿ ಆಗಬೇಕು. ‘ಟಕ್’ ಇಲ್ಲವೇ ಇಲ್ಲ, ಆದರೆ ಲೈಟ್ ಚೆನ್ನಾಗಿ ಉರಿಯುತ್ತಿದೆ ಎಂದರೆ ಸಣ್ಣ ದಾರಿ ನೋಡಿ. ಅರ್ಧ ಗಾಡಿ ಬಿಚ್ಚುವುದು ಇಷ್ಟು ತಿಳಿದರೇ ತಪ್ಪುತ್ತದೆ.

ಹೆಡ್‌ಲೈಟ್ ಹೇಳುವ ಮಾತು

ಕೈಯಲ್ಲಿ ಏನೂ ಉಪಕರಣ ಇಲ್ಲದಾಗ ಇದೊಂದೇ ಪರೀಕ್ಷೆ ಸಾಕಷ್ಟು ಹೇಳುತ್ತದೆ. ಹೆಡ್‌ಲೈಟ್ ಹಾಕಿ, ಒಬ್ಬರು ಕೀ ಹೊಡೆಯಲಿ, ಇನ್ನೊಬ್ಬರು ಬಲ್ಬ್ ನೋಡಲಿ.

ಬಲ್ಬ್ ಒಂದಿಷ್ಟೂ ಮಂಕಾಗದೆ, ಸದ್ದೂ ಇಲ್ಲದಿದ್ದರೆ ಸೊಲೆನಾಯ್ಡಿಗೆ ಆಜ್ಞೆಯೇ ಹೋಗುತ್ತಿಲ್ಲ. ‘ಟಕ್’ ಎಂದರೂ ಬಲ್ಬ್ ಮಂಕಾಗದಿದ್ದರೆ ತಟ್ಟೆ ಸುಟ್ಟಿದೆ ಅಥವಾ ಬ್ರಷ್ ಸವೆದು ಕಮ್ಯುಟೇಟರ್‌ಗೆ (ಸೆಲ್ಫಿನೊಳಗಿನ ತಾಮ್ರದ ಪಟ್ಟಿಗಳ ಉರುಳೆಗೆ) ಮುಟ್ಟುತ್ತಿಲ್ಲ. ಕರೆಂಟ್ ಸೆಲ್ಫಿನೊಳಗೆ ಹರಿಯುತ್ತಲೇ ಇಲ್ಲ. ಬಲ್ಬ್ ಪೂರ್ತಿ ಆರಿ, ಕೀ ಬಿಟ್ಟ ಕೂಡಲೇ ಮತ್ತೆ ಹತ್ತಿದರೆ ಬ್ಯಾಟರಿ ಖಾಲಿ, ಇಲ್ಲವೇ ಬ್ಯಾಟರಿಯ ಗುಬ್ಬಿಯಲ್ಲೋ ಅರ್ಥ್ ಪಟ್ಟಿಯಲ್ಲೋ ಸಂಪರ್ಕ ಸತ್ತಿದೆ. ನನ್ನ ಗಾಡಿಯಲ್ಲಿ ಹೊಸ ಬ್ಯಾಟರಿ ಹಾಕಿದ ಮೇಲೂ ಲೈಟ್ ಹೀಗೇ ಆರುತ್ತಿತ್ತು. ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರೂ ನನಗೆ ಓದಲು ಬಂದಿರಲಿಲ್ಲ. ಇನ್ನು ಬಲ್ಬ್ ಬಹಳ ಮಂಕಾಗಿ, ಎಂಜಿನ್ ‘ಉಂ... ಉಂ...’ ಎಂದು ಏದುಸಿರು ಬಿಟ್ಟರೆ ಬ್ಯಾಟರಿ ಸೋತಿದೆ ಅಥವಾ ಸೆಲ್ಫಿನೊಳಗೆ ತಿರುಗುವ ಭಾಗ, ಆರ್ಮೇಚರ್, ಉಜ್ಜುತ್ತಿದೆ. ‘ಟಕಟಕಟಕ’ ಎಂದು ಬಡಿದುಕೊಂಡರೆ ಸೊಲೆನಾಯ್ಡ್ ಎಳೆದ ಕೂಡಲೇ ವೋಲ್ಟೇಜ್ ಕುಸಿದು ಕೈ ಬಿಡುತ್ತಿದೆ, ವೋಲ್ಟೇಜ್ ಏರಿದಾಗ ಮತ್ತೆ ಹಿಡಿಯುತ್ತಿದೆ. ಅಲ್ಲೂ ಬ್ಯಾಟರಿ ಮತ್ತು ಗುಬ್ಬಿಗಳೇ ಮೊದಲ ಗುಮಾನಿ.

“ಲೈಟ್ ಉರಿತೈತಿ ಅಂದಮ್ಯಾಲ ಬ್ಯಾಟರಿ ಚಲೋ ಐತಿ” ಎನ್ನುವ ಮಾತನ್ನು ಮಾತ್ರ ನಂಬಬೇಡಿ. ಬಲ್ಬಿಗೆ ಬೇಕಾದದ್ದು ನಾಲ್ಕೈದು ಆಂಪಿಯರ್. ಹಳ್ಳದಲ್ಲಿ ಕೊಡ ತುಂಬುವಷ್ಟು ನೀರಿದ್ದರೆ ಗದ್ದೆ ನಾಟಿ ಆಗುವುದಿಲ್ಲ.

ಬ್ಯಾಟರಿ

ಒಂದು ಮಲ್ಟಿಮೀಟರ್ ಕೊಳ್ಳಿ. 300–400 ರೂಪಾಯಿಯದು ಸಾಕು. ಡಿಸಿ 20 ವೋಲ್ಟಿನ ಮನೆಗೆ ತಿರುಗಿಸಿ, ಕೆಂಪು ವೈರನ್ನು ಆಂಪಿಯರ್ ತೂತಿಗೆ ಹಾಕಬೇಡಿ. ಹಾಗೆ ಹಾಕಿ ಬ್ಯಾಟರಿಗೆ ಹಚ್ಚಿದರೆ ಮೀಟರ್ ಅಲ್ಲೇ ಸುಡುತ್ತದೆ.

ಗಾಡಿ ನಿಲ್ಲಿಸಿ ನಾಲ್ಕೈದು ತಾಸಾದ ಮೇಲೆ ಬ್ಯಾಟರಿಯ ಸೀಸದ ಗುಬ್ಬಿಗಳಿಗೇ ಮೀಟರ್ ಹಚ್ಚಿ, ಕ್ಲಾಂಪಿಗಲ್ಲ. 12.6ರ ಆಸುಪಾಸು ಬಂದರೆ ತುಂಬಿದೆ. 12.4 ಮುಕ್ಕಾಲು, 12.2 ಅರ್ಧ, 12.0 ಕಾಲು ಭಾಗ ಎಂದು ಲೆಕ್ಕ. 10.5ರ ಹತ್ತಿರ ನಿಂತು, ಚಾರ್ಜ್ ಮಾಡಿದರೂ ಮೇಲೆ ಬರದಿದ್ದರೆ ಆರರಲ್ಲಿ ಒಂದು ಸೆಲ್ ಸತ್ತಿದೆ, ಅದಕ್ಕೆ ಮದ್ದಿಲ್ಲ. ಈಗಷ್ಟೇ ಚಾರ್ಜರ್‌ನಿಂದ ತೆಗೆದ ಬ್ಯಾಟರಿ 13ಕ್ಕೂ ಮೇಲೆ ತೋರಿಸಿ ಮೋಸ ಮಾಡುತ್ತದೆ. ಹೆಡ್‌ಲೈಟ್ ಎರಡು ನಿಮಿಷ ಉರಿಸಿ, ಆರಿಸಿ, ಆಮೇಲೆ ಅಳೆಯಿರಿ.

ನಿಂತಾಗ ಬರುವ ಅಂಕಿ ಅರ್ಧ ಸತ್ಯ. ಸ್ಟಾಪ್ ಗುಂಡಿ ಎಳೆದಿಟ್ಟು ಐದಾರು ಸೆಕೆಂಡ್ ಸೆಲ್ಫ್ ಹೊಡೆಯುವಾಗ ಅದೇ ಗುಬ್ಬಿಗಳ ಮೇಲೆ ಎಷ್ಟು ಉಳಿಯುತ್ತದೆ ನೋಡಿ. 9.6ಕ್ಕಿಂತ ಕೆಳಗೆ ಇಳಿಯಬಾರದು. ನಿಂತಾಗ 12.6 ಇದ್ದದ್ದು ಹೊಡೆದ ಕೂಡಲೇ 7ಕ್ಕೆ ಕುಸಿದರೆ ಹೆಚ್ಚಾಗಿ ಪ್ಲೇಟುಗಳಿಗೆ ಸಲ್ಫೇಟ್ ಹಿಡಿದಿರುತ್ತದೆ. ಹೊಡೆಯುವಾಗಲೂ 11.5 ಉಳಿದು ಎಂಜಿನ್ ತಿರುಗದಿದ್ದರೆ ಬ್ಯಾಟರಿ ನಿರಪರಾಧಿ, ಅದನ್ನು ಬದಲಿಸಲು ಹೋಗಬೇಡಿ.

ನಮ್ಮ ಸೀಮೆಯಲ್ಲಿ ಬ್ಯಾಟರಿಯ ದೊಡ್ಡ ಶತ್ರು ಬಿಸಿಲು. ರಾಯಚೂರಿನಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ, ಅದರ ಮೇಲೆ ಎಂಜಿನ್ ಝಳ. ನೀರು ಬೇಗ ಆರಿ ಪ್ಲೇಟು ಗಾಳಿಗೆ ತೆರೆದುಕೊಳ್ಳುತ್ತವೆ. ತೆರೆದ ಭಾಗ ಮತ್ತೆ ಜೀವ ಹಿಡಿಯುವುದಿಲ್ಲ. ಮುಚ್ಚಳವಿರುವ ಬ್ಯಾಟರಿಯಾದರೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೆರೆದು, ಪ್ಲೇಟಿನ ಮೇಲೆ 10–15 ಮಿಲಿಮೀಟರ್ ನಿಲ್ಲುವಷ್ಟು ಡಿಸ್ಟಿಲ್ಡ್ ನೀರು ಹಾಕಿ. ಬೋರಿನ ನೀರು ಬೇಡವೇ ಬೇಡ. ಚಹಾದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ಬ್ಯಾಟರಿಯಲ್ಲಿ ಏನು ಮಾಡೀತು ಯೋಚಿಸಿ. ಕಡಿಮೆಯಾಗಿದೆ ಎಂದು ಆಸಿಡ್ ಕೂಡ ಸುರಿಯಬಾರದು. ಆರುವುದು ನೀರು ಮಾತ್ರ, ಆಸಿಡ್ ಒಳಗೇ ಉಳಿದಿರುತ್ತದೆ.

ಹೈಡ್ರೋಮೀಟರ್ (ಆಸಿಡ್ಡಿನ ಸಾಂದ್ರತೆ ಅಳೆಯುವ ಕೊಳವೆ) ಸಿಕ್ಕರೆ ಆರೂ ಸೆಲ್ ಬೇರೆ ಬೇರೆಯಾಗಿ ನೋಡಿ. ತುಂಬಿದ ಬ್ಯಾಟರಿ 1.240ರಿಂದ 1.280ರ ನಡುವೆ ತೋರಿಸುತ್ತದೆ. ಐದು ಸೆಲ್ ಸಮ ಇದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಬ್ಯಾಟರಿಯ ದಿನ ಮುಗಿದಿವೆ.

ದಪ್ಪ ದಾರಿಯನ್ನು ಅಳೆಯುವುದು

ಇದನ್ನು ನಿಧಾನವಾಗಿ ಓದಿ, ಕೆಲಸದ ಭಾಗ ಇದೇ.

ತುಂಗಭದ್ರಾ ಡ್ಯಾಂ ತುಂಬಿ ತುಳುಕಿದರೂ ಎಡದಂಡೆ ಕಾಲುವೆಯ ಕೊನೆಗಿರುವ ಮಾನ್ವಿ, ಸಿರವಾರ ಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿಯುವುದು ಹೊಸತಲ್ಲ. ಡ್ಯಾಮಿನಲ್ಲಿ ಎಷ್ಟಿದೆ ಎಂದು ಅಳೆದರೆ ಅವರ ಗದ್ದೆಯ ಸುದ್ದಿ ತಿಳಿಯುವುದಿಲ್ಲ, ನಡುವೆ ಎಲ್ಲಿ ಎಷ್ಟು ಹೋಯಿತು ಎಂದು ಅಳೆಯಬೇಕು. ಸೆಲ್ಫ್ ಕೂಡ ಕೊನೆ ಭಾಗದ ರೈತ. ಬ್ಯಾಟರಿಯಲ್ಲಿ 12 ಇದೆ, ಸೆಲ್ಫಿಗೆ ಮುಟ್ಟುವುದೆಷ್ಟು?

ಸೆಲ್ಫ್ ತಿರುಗುವಾಗ 300 ಆಂಪಿಯರ್ ಹರಿಯುತ್ತದೆ ಎಂದು ಇಟ್ಟುಕೊಳ್ಳಿ. ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿ ಇದ್ದರೂ 3 ವೋಲ್ಟ್ ಅಲ್ಲೇ ಶಾಖವಾಗಿ ಹೋಗುತ್ತದೆ. ಅಷ್ಟು ಸಣ್ಣ ಅಡ್ಡಿಯನ್ನು ನಮ್ಮ ಮಲ್ಟಿಮೀಟರಿನ ಓಮ್ ಮನೆ ತೋರಿಸಲಾರದು, ‘ಬೀಪ್’ ಸದ್ದಿನ ಪರೀಕ್ಷೆ “ಎಲ್ಲಾ ಸರಿ” ಎಂದೇ ಹೇಳುತ್ತದೆ. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗ, ಅಂದರೆ ಕೀ ಹೊಡೆಯುತ್ತಿರುವಾಗ, ವೋಲ್ಟ್ ಮನೆಯಲ್ಲೇ ಅಳೆಯಬೇಕು.

ಮೊದಲು ಅರ್ಥ್ ಕಡೆ. ಒಂದು ವೈರ್ ಬ್ಯಾಟರಿಯ ಮೈನಸ್ ಗುಬ್ಬಿಯ ಸೀಸಕ್ಕೆ, ಇನ್ನೊಂದು ಸೆಲ್ಫಿನ ಮೈಯ ಹೊಳೆಯುವ ಜಾಗಕ್ಕೆ. ಬಣ್ಣವಿದ್ದರೆ ಕೆರೆದುಕೊಳ್ಳಿ. ಕೀ ಹೊಡೆದಾಗ 0.3 ವೋಲ್ಟಿಗಿಂತ ಹೆಚ್ಚು ಬರಬಾರದು. ಹೆಚ್ಚು ಬಂದರೆ ಸೆಲ್ಫಿನ ಮೇಲಿನ ವೈರನ್ನು ಒಂದೊಂದೇ ಹೆಜ್ಜೆ ಬ್ಯಾಟರಿ ಕಡೆ ತನ್ನಿ: ಎಂಜಿನ್ ಬ್ಲಾಕ್, ಚಾಸಿ, ಅರ್ಥ್ ಪಟ್ಟಿಯ ಬೋಲ್ಟ್, ಪಟ್ಟಿಯ ತುದಿಯ ಲಗ್, ಬ್ಯಾಟರಿ ಕ್ಲಾಂಪ್. ಪ್ರತಿ ಹೆಜ್ಜೆಗೂ ಒಮ್ಮೆ ಕೀ ಹೊಡೆಯಿರಿ. ಯಾವ ಹೆಜ್ಜೆಯಲ್ಲಿ ಅಂಕಿ ದಡಕ್ಕನೆ ಇಳಿಯುತ್ತದೋ, ಆ ಹೆಜ್ಜೆಗೂ ಹಿಂದಿನದಕ್ಕೂ ನಡುವೆ ತಪ್ಪಿದೆ.

ಆಮೇಲೆ ಪ್ಲಸ್ ಕಡೆ. ಕೆಂಪು ವೈರ್ ಬ್ಯಾಟರಿಯ ಪ್ಲಸ್ ಗುಬ್ಬಿಗೆ, ಕಪ್ಪು ವೈರ್ ಸೊಲೆನಾಯ್ಡಿನಿಂದ ಸೆಲ್ಫಿನೊಳಗೆ ಹೋಗುವ ದಪ್ಪ ಗುಬ್ಬಿಗೆ. ಕೀ ಹೊಡೆಯದಿದ್ದಾಗ ಇಲ್ಲಿ 12 ತೋರಿಸುತ್ತದೆ, ಗಾಬರಿ ಬೇಡ. ಹೊಡೆದಾಗ 0.5ರೊಳಗೆ ಬರಬೇಕು. ಹೆಚ್ಚಿದ್ದರೆ ಕಪ್ಪು ವೈರನ್ನು ಸೊಲೆನಾಯ್ಡಿನ ಬ್ಯಾಟರಿ ಕಡೆಯ ಗುಬ್ಬಿಗೆ ಸರಿಸಿ. ಆಗ ಅಂಕಿ ಇಳಿದರೆ ಸೊಲೆನಾಯ್ಡಿನ ತಟ್ಟೆ ಸುಟ್ಟಿದೆ, ಇಳಿಯದಿದ್ದರೆ ಕೇಬಲ್ ಅಥವಾ ಅದರ ತುದಿಗಳು ಕೆಟ್ಟಿವೆ.

ಮೀಟರ್ ಇಲ್ಲದವರಿಗೆ ಒಂದು ಒರಟು ದಾರಿ. ಐದು ಸೆಕೆಂಡ್ ಕೀ ಹೊಡೆದು ನಿಲ್ಲಿಸಿ, ಕೂಡಲೇ ಪ್ರತಿ ಜೋಡಣೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಬಿಸಿಯಾದದ್ದೇ ಕಳ್ಳ.

ಜಾಗ ಸಿಕ್ಕ ಮೇಲೆ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಪಾನಾ ಚಾಸಿಗೆ ತಗುಲಿದರೆ ಮೈನಸ್ ಬಿಚ್ಚಿದ್ದವನಿಗೆ ಏನೂ ಆಗುವುದಿಲ್ಲ, ಇಲ್ಲದವನಿಗೆ ದೀಪಾವಳಿ. ಗುಬ್ಬಿಯ ಮೇಲಿನ ಬಿಳಿ–ಹಸಿರು ಬೂಷ್ಟನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ, ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ಮುಚ್ಚಳ ಭದ್ರ ಇರಲಿ. ಸೀಸ ಹೊಳೆಯುವ ತನಕ ಉಜ್ಜಿ, ಕ್ಲಾಂಪಿನ ಒಳಮೈ ಕೂಡ. ಲಗ್ ಕೂರುವ ಚಾಸಿಯ ಜಾಗವನ್ನು ಬರೀ ಲೋಹ ಕಾಣುವಂತೆ ಕೆರೆಯಿರಿ. ಎಲ್ಲಾ ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿ. ಮೊದಲೇ ಸವರಿ ಆಮೇಲೆ ಬಿಗಿಯುವುದು ಉಲ್ಟಾ ಕೆಲಸ.

ಸಡಿಲಾದ ಕ್ಲಾಂಪಿನ ಸಂದಿಗೆ ಮೊಳೆ ಹೊಡೆಯುವ ಕಲೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮೊಳೆಯ ಎರಡು ಗೀರು ಮಾತ್ರ ಮುಟ್ಟಿರುತ್ತವೆ, ಉಳಿದದ್ದು ಗಾಳಿ. ಹೊಸ ಕ್ಲಾಂಪ್ ಹಾಕಿ. ಕೇಬಲ್ ಬದಲಿಸುವುದಾದರೆ 35ರಿಂದ 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಕೇಳಿ, ತುದಿ ಕೆರೆದು ಒಳಗೂ ಕೆಂಪಗಿದೆಯೇ ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಅಲ್ಯೂಮಿನಿಯಂ ಇರುವ ಮಾಲೂ ಮಾರಾಟಕ್ಕಿದೆ.

ಸಣ್ಣ ದಾರಿ

‘ಟಕ್’ ಎನ್ನದ ಗಾಡಿಗೆ ಒಂದು ಟೆಸ್ಟ್ ಲ್ಯಾಂಪ್ ಸಾಕು: 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವೈರ್. ಒಂದನ್ನು ಚಾಸಿಗೆ ಕಚ್ಚಿಸಿ, ಇನ್ನೊಂದನ್ನು ಸೊಲೆನಾಯ್ಡಿನ ಚಿಕ್ಕ ಗುಬ್ಬಿಗೆ ಹಿಡಿದು ಕೀ ಹೊಡೆಸಿ. ಬಲ್ಬ್ ಜೋರಾಗಿ ಹತ್ತಿಯೂ ಸೊಲೆನಾಯ್ಡ್ ಸುಮ್ಮನಿದ್ದರೆ ಅದರ ಸುರುಳಿ ಸುಟ್ಟಿದೆ ಅಥವಾ ಅದರ ಅರ್ಥ್ ಹೋಗಿದೆ. ಹತ್ತದಿದ್ದರೆ ಹಿಂದಕ್ಕೆ ನಡೆಯಿರಿ: ಸೇಫ್ಟಿ ಸ್ವಿಚ್ಚಿನ ಹೊರತುದಿ, ಒಳತುದಿ, ಕೀ ಸ್ವಿಚ್ಚಿನ ಸ್ಟಾರ್ಟ್ ತುದಿ, ಅದಕ್ಕೆ ಬರುವ ವೈರ್, ಆಂಪಿಯರ್ ಮೀಟರಿನ ಎರಡು ನಟ್ಟುಗಳು. ಹಳೇ ಗಾಡಿಗಳಲ್ಲಿ ಆ ನಟ್ಟು ಅಲುಗಾಡಿ ಸಡಿಲಾಗಿ ಇಡೀ ಡ್ಯಾಶ್‌ಬೋರ್ಡ್ ಸತ್ತದ್ದನ್ನು ನೋಡಿದ್ದೇನೆ.

ಸೇಫ್ಟಿ ಸ್ವಿಚ್ ಗಾಡಿಯಿಂದ ಗಾಡಿಗೆ ಬೇರೆ ಜಾಗದಲ್ಲಿರುತ್ತದೆ, ಕೆಲವಕ್ಕೆ ಕ್ಲಚ್ ಪೆಡಲಿನ ಬುಡದಲ್ಲಿ, ಕೆಲವಕ್ಕೆ ಹೈ–ಲೋ ಲಿವರಿನ ಹತ್ತಿರ. ಕ್ಲಚ್ ಪೂರ್ತಿ ಒತ್ತಿದರೂ ಸ್ವಿಚ್ಚಿನ ಕಡ್ಡಿಗೆ ತಾಗದಷ್ಟು ಪೆಡಲ್ ಸವೆದಿರಬಹುದು. ಕೆಸರು ಗಟ್ಟಿಯಾಗಿ ಕಡ್ಡಿ ಹಿಡಿದುಕೊಂಡಿರಬಹುದು. ಲಿವರ್ ಅತ್ತಿತ್ತ ಅಲ್ಲಾಡಿಸಿದಾಗ ಒಮ್ಮೊಮ್ಮೆ ಸ್ಟಾರ್ಟ್ ಆಗುವ ಗಾಡಿಯಾದರೆ ಗುಮಾನಿ ಇಲ್ಲಿಗೇ. ಸರಿಮಾಡಿ ಅಥವಾ ಹೊಸದು ಹಾಕಿ, ಎರಡು ವೈರ್ ಸುತ್ತಿ ಡೈರೆಕ್ಟ್ ಮಾಡಬೇಡಿ. ಹಾಗೆ ಮಾಡಿದ ಗಾಡಿಯನ್ನು ನಾಳೆ ನಿಮ್ಮ ಮಗನೋ ಸಂಬಳದಾಳೋ ಗೇರಿನಲ್ಲಿದ್ದಾಗಲೇ ಸ್ಟಾರ್ಟ್ ಮಾಡಿಯಾನು.

ಇಲಿಗಳನ್ನು ಮರೆಯುವಂತಿಲ್ಲ. ನೆಲ್ಲುಹುಲ್ಲಿನ ಬಣವೆಯ ಪಕ್ಕ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕುವ ಮೊದಲು ಟಾರ್ಚ್ ಬೆಳಕು ಬಿಟ್ಟು ನೋಡಿ. ಇಲಿಯ ಹಿಂದೆ ಹಾವೂ ಬಂದಿರುತ್ತದೆ.

ಚಿಕ್ಕ ಗುಬ್ಬಿಗೆ ಕರೆಂಟ್ ಬರುತ್ತದೆ, ಆದರೆ 8 ವೋಲ್ಟ್ ಮಾತ್ರ ಎಂದಾದರೆ ಕೀ ಸ್ವಿಚ್ಚಿನ ಒಳಗಿನ ಸಂಪರ್ಕಗಳು ಸವೆದಿವೆ. ಸ್ವಿಚ್ ಬದಲಿಸಿ. ಇನ್ನೂ ಒಳ್ಳೆಯದೆಂದರೆ 12 ವೋಲ್ಟ್ 30 ಆಂಪಿಯರಿನ ಒಂದು ರಿಲೇ ಹಾಕುವುದು: ಕೀ ಮತ್ತು ಸೇಫ್ಟಿ ಸ್ವಿಚ್ ದಾಟಿ ಬಂದ ಕರೆಂಟ್ ರಿಲೇಯನ್ನು ಮಾತ್ರ ಎಳೆಯುತ್ತದೆ, ಸೊಲೆನಾಯ್ಡಿಗೆ ಬೇಕಾದದ್ದನ್ನು ರಿಲೇ ಬ್ಯಾಟರಿಯಿಂದ ನೇರ ಕೊಡುತ್ತದೆ. ಆ ಹೊಸ ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ.

ಈಗ ಸೆಲ್ಫ್ ಬಿಚ್ಚಬಹುದು

ಬ್ಯಾಟರಿ ಸರಿ, ಎರಡೂ ಕಡೆಯ ಅಳತೆ ಸರಿ, ಚಿಕ್ಕ ಗುಬ್ಬಿಗೂ ಕರೆಂಟ್ ಸರಿ. ಆದರೂ ತಿರುಗುವುದಿಲ್ಲ. ಬಿಚ್ಚುವ ಮೊದಲು ಎಂಜಿನ್ ಕೈಯಿಂದ ತಿರುಗುತ್ತದೆಯೇ ಎಂದು ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ನೋಡಿ. ಎಂಜಿನ್ನೇ ಹಿಡಿದುಕೊಂಡಿದ್ದರೆ ಸೆಲ್ಫ್ ಏನು ಮಾಡೀತು?

ಬ್ಯಾಟರಿಯ ಮೈನಸ್ ಬಿಚ್ಚಿ, ಸೆಲ್ಫಿನ ಕೆಳಗೆ ಒಂದು ಕೈ ಕೊಟ್ಟು ಕೊನೆಯ ಬೋಲ್ಟ್ ತೆಗೆಯಿರಿ, ಭಾರ ಇರುತ್ತದೆ. ಒಳಗೆ ನೋಡಬೇಕಾದದ್ದು ಮೂರು. ಬ್ರಷ್ ಹೊಸದರ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಕಮ್ಯುಟೇಟರ್ ಕಂದು ಬಣ್ಣಕ್ಕಿದ್ದರೆ ಮುಟ್ಟಬೇಡಿ; ಕಪ್ಪಾಗಿ ಸುಟ್ಟಿದ್ದರೆ ನಯವಾದ ಗಾಜಿನ ಕಾಗದದಿಂದ ಒರೆಸಿ. ಎಮರಿ ಬೇಡ, ಅದರ ಪುಡಿ ಪಟ್ಟಿಗಳ ಸಂದಿಯಲ್ಲಿ ಕೂತು ಶಾರ್ಟ್ ಮಾಡುತ್ತದೆ. ಮೂರನೆಯದು ಬುಷ್. ಆರ್ಮೇಚರಿನ ಮೇಲೆ ಒಂದು ಕಡೆ ಹೊಳಪು ಗೀರು ಕಂಡರೆ ಬುಷ್ ಸವೆದು ಆರ್ಮೇಚರ್ ಸುತ್ತಲಿನ ಪೋಲಿಗೆ (ಅಯಸ್ಕಾಂತದ ಕಬ್ಬಿಣಕ್ಕೆ) ಉಜ್ಜುತ್ತಿದೆ. ತಣ್ಣಗಿದ್ದಾಗ ಎದ್ದು, ಮಧ್ಯಾಹ್ನ ಬಿಸಿಯಾದ ಮೇಲೆ ಏಳದ ಗಾಡಿಗಳಲ್ಲಿ ಇದನ್ನು ಮರೆಯದೆ ನೋಡಿ.

ಕೇಜ್ ವೀಲ್ ಕೆಲಸ ಮಾಡಿದ ಗಾಡಿಗಳ ಸೆಲ್ಫಿನಿಂದ ಹಿಡಿ ಮಣ್ಣು ಉದುರಿದರೆ ಆಶ್ಚರ್ಯ ಬೇಡ. ಎರೆಮಣ್ಣಿನ ಕೆಸರು ಒಣಗಿದರೆ ಸಿಮೆಂಟ್. ತೊಳೆದು ಒಣಗಿಸಿ, ಆದರೆ ಹಲ್ಲುಗಾಲಿ ಜಾರುವ ದಂಡಕ್ಕೆ ಗ್ರೀಸ್ ಮೆತ್ತಬೇಡಿ. ಗ್ರೀಸು ದೂಳು ಹಿಡಿದು ಗಾಲಿ ಅಂಟಿಕೊಳ್ಳುತ್ತದೆ, ತೆಳು ಎಣ್ಣೆಯ ಒಂದು ಹನಿ ಸಾಕು. ಸೆಲ್ಫ್ ‘ಗಿರ್ರ್’ ಎಂದು ಖಾಲಿ ತಿರುಗಿ ಎಂಜಿನ್ ಅಲುಗದಿದ್ದರೆ ತಪ್ಪು ಈ ಹಲ್ಲುಗಾಲಿಯಲ್ಲಿ ಅಥವಾ ಫ್ಲೈವೀಲ್ ರಿಂಗಿನ ಹಲ್ಲಿನಲ್ಲಿದೆ. ಎಂಜಿನ್ ಎದ್ದ ಮೇಲೂ ಸೆಲ್ಫ್ ಕಿರುಚುತ್ತಲೇ ಇದ್ದರೆ ತಡಮಾಡದೆ ಎಂಜಿನ್ ನಿಲ್ಲಿಸಿ ಮೈನಸ್ ಕಿತ್ತುಹಾಕಿ. ಸೊಲೆನಾಯ್ಡಿನ ತಟ್ಟೆ ಬೆಸೆದುಕೊಂಡಿದೆ.

ಅಂಗಡಿಯಲ್ಲಿ ಸೆಲ್ಫನ್ನು ಟೇಬಲ್ಲಿನ ಮೇಲೆ ಬ್ಯಾಟರಿಗೆ ಹಚ್ಚಿ ಗಿರ್ರನೆ ತಿರುಗಿಸಿ “ಫಸ್ಟ್ ಕ್ಲಾಸ್ ಆಗೇತ್ರಿ” ಅನ್ನುತ್ತಾರೆ. ಖಾಲಿ ತಿರುಗುವುದು ಬೇರೆ, ಮೂರು ಸಿಲಿಂಡರಿನ ಕಂಪ್ರೆಷನ್ ಎಳೆಯುವುದು ಬೇರೆ. ಗಾಡಿಗೆ ಕೂರಿಸಿ, ಹೊಡೆಯುವಾಗಿನ ವೋಲ್ಟೇಜ್ ಅಳೆದ ಮೇಲೆಯೇ ದುಡ್ಡು ಕೊಡುವುದು ನನ್ನ ಈಗಿನ ರೂಢಿ.

ಸೆಲ್ಫ್ ಜೋರಾಗಿ ಎಂಜಿನ್ ತಿರುಗಿಸುತ್ತದೆ, ಆದರೂ ಗಾಡಿ ಏಳುವುದಿಲ್ಲ ಎಂದರೆ ಅದು ಕರೆಂಟಿನ ಕಥೆಯಲ್ಲ. ಡೀಸೆಲಿನಲ್ಲಿ ಗಾಳಿ ಹಿಡಿದಿದೆಯೇ, ಪರೀಕ್ಷೆಗೆಂದು ಎಳೆದು ಕಟ್ಟಿದ ಸ್ಟಾಪ್ ಗುಂಡಿ ಹಾಗೇ ಉಳಿದಿದೆಯೇ ನೋಡಿ. ಎರಡನೆಯದು ನನಗೆ ಆಗಿದೆ. ಯಾವಾಗಲೂ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ.

ತುರ್ತಿಗೆ

ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕೇಬಲ್ ಕೊಡುವಾಗ ಕ್ರಮ ಹೀಗೆ: ಸತ್ತ ಬ್ಯಾಟರಿಯ ಪ್ಲಸ್, ಒಳ್ಳೆಯದರ ಪ್ಲಸ್, ಒಳ್ಳೆಯದರ ಮೈನಸ್, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬರೀ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ತುದಿಯಲ್ಲಿ ಕಿಡಿ ಹಾರುತ್ತದೆ, ಅದು ಬ್ಯಾಟರಿಯ ಅನಿಲದ ಹತ್ತಿರ ಹಾರಬಾರದು. ಬಿಚ್ಚುವುದು ಇದೇ ಕ್ರಮದಲ್ಲಿ ಹಿಂದಿನಿಂದ. ಎರಡು ಬ್ಯಾಟರಿ ಸಾಲಾಗಿ ಜೋಡಿಸಿ 24 ವೋಲ್ಟ್ ಕೊಡುವ ಸಾಹಸಿಗಳು ಆಲ್ಟರ್ನೇಟರ್, ಬಲ್ಬು ಎರಡಕ್ಕೂ ತರ್ಪಣ ಬಿಟ್ಟುಕೊಳ್ಳಲಿ.

ಸಿಂಧನೂರಿನ ಸಪಾಟು ಎರೆಹೊಲದಲ್ಲಿ ಇಳಿಜಾರು ಸಿಗುವುದು ಕಾಲುವೆಯ ಏರಿಯ ಮೇಲೆ ಮಾತ್ರ. ಸೆಲ್ಫ್ ಕೈಕೊಟ್ಟ ಗಾಡಿಗಳು ಅಲ್ಲೇ ಸಾಲಾಗಿ ನಿಂತಿರುತ್ತವೆ, ಬೆಳಿಗ್ಗೆ ಜಾರಿಸಿ ಸ್ಟಾರ್ಟ್ ಮಾಡಲು. ಎಂಜಿನ್ ಏಳದಿದ್ದರೆ ಬ್ರೇಕ್ ಒಂದೇ ಗತಿ. ಹಳೇ ಗಾಡಿಯ ಬ್ರೇಕ್, ಪಕ್ಕದಲ್ಲಿ ತುಂಬಿದ ಕಾಲುವೆ.

ಎದ್ದ ಮೇಲೆ

ಗಾಡಿ ಎದ್ದ ಕೂಡಲೇ ಗದ್ದೆಗೆ ಓಡಬೇಡಿ, ಇನ್ನೊಂದು ಅಳತೆ ಬಾಕಿ ಇದೆ. ಎಂಜಿನ್ ಸ್ವಲ್ಪ ರೇಸ್ ಮಾಡಿ ಬ್ಯಾಟರಿಯ ಮೇಲೆ ವೋಲ್ಟ್ ನೋಡಿ. 13.8ರಿಂದ 14.4 ಬಂದರೆ ಚಾರ್ಜಿಂಗ್ ಸರಿ. 13ಕ್ಕಿಂತ ಕೆಳಗಿದ್ದರೆ ಬೆಲ್ಟ್ ಒತ್ತಿ ನೋಡಿ. ಹೆಬ್ಬೆರಳಿಗೆ 10–15 ಮಿಲಿಮೀಟರಿಗಿಂತ ಹೆಚ್ಚು ಬಗ್ಗಿದರೆ ಬಿಗಿಯಿರಿ. ಬೆಲ್ಟ್ ಸರಿಯಿದ್ದರೆ ಡೈನಮೋ ಅಥವಾ ಆಲ್ಟರ್ನೇಟರ್ ತೋರಿಸಿ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದ್ದು ಸಾಯುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಕ್ಲಾಂಪ್ ಕಿತ್ತು “ಚಾರ್ಜ್ ಐತಿ” ಎಂದು ತೋರಿಸುವವರಿಗೆ ನಿಮ್ಮ ಆಲ್ಟರ್ನೇಟರ್ ಮುಟ್ಟಲು ಬಿಡಬೇಡಿ, ಒಳಗಿನ ಡಯೋಡ್ ಆ ಒಂದು ಕ್ಷಣದಲ್ಲೇ ಹೋಗಬಹುದು.

ಎಲ್ಲ ಸರಿಯಿದ್ದೂ ಮೂರು ದಿನ ನಿಂತರೆ ಬ್ಯಾಟರಿ ಇಳಿಯುತ್ತದೆಯೇ? ಕೀ ತೆಗೆದು, ಮೈನಸ್ ಕ್ಲಾಂಪ್ ಬಿಚ್ಚಿ, ಕ್ಲಾಂಪಿಗೂ ಗುಬ್ಬಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಹಳೇ ಗಾಡಿಯಲ್ಲಿ ಅದು ಹತ್ತಲೇಬಾರದು. ಹತ್ತಿದರೆ ಎಲ್ಲೋ ಸೋರುತ್ತಿದೆ. ನಾನು ನೋಡಿದ ಗಾಡಿಗಳಲ್ಲಿ ಕಂಪನಿಯ ವೈರಿಂಗ್ ತಪ್ಪು ಇದ್ದದ್ದು ಕಡಿಮೆ. ಹಾಡಿನ ಡೆಕ್, ಆಂಪ್ಲಿಫೈಯರ್, ಮೊಬೈಲ್ ಚಾರ್ಜರ್, ಬಣ್ಣದ ಎಲ್‌ಇಡಿ ಇವೇ ಸೋರಿಕೆಯ ಮೂಲ, ಎಲ್ಲವೂ ಕೀ ದಾಟಿ ಬ್ಯಾಟರಿಗೇ ನೇರ ಜೋಡಿಸಿದವು. ಒಂದೊಂದೇ ಕಿತ್ತು ನೋಡಿ, ಲ್ಯಾಂಪ್ ಯಾವುದಕ್ಕೆ ಆರಿತೋ ಅದನ್ನು ಕೀ ಸ್ವಿಚ್ಚಿನ ಈಚೆಗೆ ತನ್ನಿ. ಲ್ಯಾಂಪ್ ಹಿಡಿದಿರುವಾಗ ಮರೆತು ಕೀ ಹೊಡೆಯಬೇಡಿ.

ಎರಡನೇ ಬೆಳೆಗೆ ಕಾಲುವೆ ನೀರು ಬಿಡದ ವರ್ಷ ಗಾಡಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಮೈನಸ್ ಬಿಚ್ಚಿಡಿ, ಅಥವಾ ಒಂದು ಕಟ್ ಆಫ್ ಸ್ವಿಚ್ ಹಾಕಿಸಿ. ತಿಂಗಳಿಗೊಮ್ಮೆ ಬ್ಯಾಟರಿ ಅಳೆದು, 12.4ಕ್ಕೆ ಇಳಿದಿದ್ದರೆ ನಿಧಾನ ಚಾರ್ಜಿಗೆ ಹಾಕಿ: 75 ಆಂಪಿಯರ್ ಅವರ್ ಬ್ಯಾಟರಿಗೆ 7.5 ಆಂಪಿಯರ್ ಮೀರದಂತೆ. ಮುಂದಿನ ಮಹಾನವಮಿಗೆ ಬಣ್ಣದ ಹುಡುಗ ಬಂದಾಗ ಅರ್ಥ್ ಪಟ್ಟಿಯ ಬುಡಕ್ಕೆ ಅಂಗೈಯಗಲ ಟೇಪ್ ಹಚ್ಚಿ, ಆಮೇಲೆ ಡಬ್ಬಿ ತೆರೆಯಲು ಹೇಳಿ.